ಕಡಲಿದ್ದ ಕಡೆ ಪಡು

ಕುವೈತಿನ ಹವಲ್ಲಿಯಲ್ಲಿ ಶುಕ್ರವಾರ ಬೆಳಿಗ್ಗೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ ಎಂಬುದು ಸುಕುಮಾರನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ತನ್ನೂರಿನವಳಾದ ಆಲಿವ್ ಇರುವ ಕಟ್ಟಡಕ್ಕೆ ಮತ್ತೆ ಮತ್ತೆ ಸುತ್ತು ಹಾಕುವಾಗ, ಈ ಊರು ಬೇಕೆಂದೇ ತನ್ನನ್ನು ಸತಾಯಿಸುತ್ತಿದೆ ಅನ್ನಿಸಿ ಅವನು ಹಲ್ಲು ಕಚ್ಚಿಕೊಂಡ. ರಜೆಯ ದಿನ ಯಾರೂ ಕಾರು ತೆಗೆಯುವುದಿಲ್ಲ. ಎಲ್ಲವೂ ಧೂಳು ಹೊದ್ದು ಮಲಗಿದ್ದವು. ಹಿಂದಿನ ಸೀಟಿನಲ್ಲಿ ಸುರುಳಿ ಸುತ್ತಿಟ್ಟಿದ್ದ ನಕ್ಷೆ ಪ್ರತಿ ತಿರುವಿನಲ್ಲೂ ಈ ಬಾಗಿಲಿಂದ ಆ ಬಾಗಿಲಿಗೆ ಉರುಳುತ್ತಿತ್ತು. ಹೊರಡುವಾಗ ಅವನ ಹೆಂಡತಿ ಸುಗಂಧಿ ಫರ್ವಾನಿಯಾದ ಮನೆಯ ಬಾಗಿಲಲ್ಲಿ ನಿಂತು, ಮನೆಗೆ ಮೀನು ತಂದುಕೊಡಲು ಪುರುಸೊತ್ತಿಲ್ಲದವರಿಗೆ ಯಾರದೋ ಅಮ್ಮನ ಎದುರು ಕೂತು ಚಾ ಕುಡಿಯಲು ಮಾತ್ರ ಪುರುಸೊತ್ತು ಎಲ್ಲಿಂದ ಬರುತ್ತದೋ ಎಂದಿದ್ದಳು. ಅವನು ಉತ್ತರ ಕೊಡದೆ ಮೆಟ್ಟಿಲಿಳಿದಿದ್ದ. ಕೊಡುವುದಾದರೆ ಬುಡದಿಂದ ಹೇಳಬೇಕಾಗುತ್ತಿತ್ತು, ಮದುವೆಯಾಗಿ ಇಷ್ಟು ವರ್ಷವಾದರೂ ಹೇಳದೆ ಉಳಿಸಿಕೊಂಡಿದ್ದನ್ನು ಚಪ್ಪಲಿ ಹಾಕಿಕೊಳ್ಳುತ್ತ ಹೇಳಲಾಗುತ್ತದೆಯೇ. ಕೊನೆಗೆ ಕಸದ ಡಬ್ಬಿಯ ಪಕ್ಕದಲ್ಲಿ, ಅರ್ಧ ಮರಳು ಅರ್ಧ ಕಾಂಕ್ರೀಟಿನ ಮೇಲೆ ಕಾರು ತುರುಕಿ ಇಳಿದ.

ಇಲ್ಲಿ ಅವನ ಅನ್ನ ನಕ್ಷೆಯದ್ದೇ. ಸರ್ವೆ ಕಂಪನಿಯೊಂದರಲ್ಲಿ ಇಪ್ಪತ್ತೈದು ವರ್ಷದಿಂದ ಡ್ರಾಫ್ಟ್ಸ್‌ಮನ್. ಬ್ಲಾಕ್ ಇಷ್ಟು, ರಸ್ತೆ ಇಷ್ಟು, ಪ್ಲಾಟ್ ಇಷ್ಟು ಎಂದು ಗೆರೆ ಎಳೆದು ನಂಬರು ತುಂಬಿಸಿದರೆ ಒಂದು ಬಡಾವಣೆ ಮುಗಿಯಿತು. ಯಾರದೂ ಅಪ್ಪನ ಹೆಸರು ಬರುವುದಿಲ್ಲ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆ ನಂಬರುಗಳ ನೆಮ್ಮದಿ ಏನೆಂದು ಅವನಿಗೆ ಈಚೆಗೆ ಅರ್ಥವಾಗಿತ್ತು. ಅವನ ಮೇಲಿನ ಇಂಜಿನಿಯರ್ ಕುಶಾಲ್, ಮೈಸೂರಿನ ಕಡೆಯವನು, ಮೀಸೆ ಸರಿಯಾಗಿ ಬಲಿಯದ ಹುಡುಗ, ಕಳೆದ ತಿಂಗಳು ಎಲ್ಲರ ಎದುರೇ ಅವನ ಡ್ರಾಯಿಂಗ್ ಮೇಲೆ ಕೆಂಪು ಗೆರೆ ಹಾಕಿ, "ನೀವು ಡ್ರಾ ಮಾಡಿ ಸಾಕು ಸರ್, ಯೋಚನೆ ಮಾಡೋದು ನಮ್ಗೆ ಬಿಡಿ" ಎಂದಿದ್ದ. ಸರ್ ಎಂದು ಕರೆದೇ ಹೇಳಿದ್ದ. ಅದು ಹೆಚ್ಚು ಚುಚ್ಚಿತ್ತು. ಬೈಗುಳವಾದರೆ ತಿರುಗಿ ಬೈಯಬಹುದು, ಸರ್ ಎಂದವನಿಗೆ ಏನು ಹೇಳುವುದು. ಅದೇ ಮಾತು ಈಗ ಲಿಫ್ಟಿನ ಕನ್ನಡಿಯಲ್ಲಿ ತನ್ನ ನರೆತ ಕಿವಿಗೂದಲು ಕಂಡಾಗ ಮತ್ತೆ ನೆನಪಾಗಿ ಅವನು ಕನ್ನಡಿಗೆ ಬೆನ್ನು ಹಾಕಿದ.

ಊರಿನಲ್ಲಿ, ಅವನು ಹುಟ್ಟಿದ ಕಾಂಡ್ಲಕುದ್ರುವಿಗೆ ಸೇತುವೆ ಆಗುತ್ತಿತ್ತು. ಹೊಳೆ ಕಡಲಿಗೆ ಸೇರುವ ಮೊದಲು ಎರಡಾಗಿ ಒಡೆದು ನಡುವೆ ಬಿಟ್ಟುಹೋದ ಒಂದು ತುಂಡು ನೆಲ, ಅದರ ಮೇಲೆ ಹತ್ತಾರು ಮನೆ, ಒಂದು ಶಾಲೆ, ಒಂದು ಶಿಲುಬೆಕಟ್ಟೆ, ತೆಂಗಿನ ನಾರು ಕೊಳೆಹಾಕುವ ಗುಂಡಿಗಳು. ಇಷ್ಟೇ ಆ ಕುದ್ರು. ಸೇತುವೆ ಬಂದರೆ ಹೊರಗಿನವರು ಬರುತ್ತಾರೆ, ರೆಸಾರ್ಟ್ ಕಟ್ಟುತ್ತಾರೆ, ಇಂಗ್ಲಿಷ್ ಹೆಸರಿಡುತ್ತಾರೆ, ಅದಕ್ಕೆ ಮೊದಲು ಪ್ರತಿ ಜಾಗಕ್ಕೂ ಅದರ ಹೆಸರು ಕೆತ್ತಿದ ಕಲ್ಲು ನೆಡಬೇಕು ಎಂದು ಕುವೈತಿನಲ್ಲಿರುವ ಕುದ್ರುವಿನವರಿಗೆ ಹುಕಿ ಬಂತು. ಊರು ಬಿಟ್ಟವರಿಗೇ ಊರಿನ ಚಿಂತೆ ಜಾಸ್ತಿ. ಮುಂದೆ ನಿಂತವನು ಎಗೈಲಾದ ಮಾಲ್ ಒಂದರಲ್ಲಿ ಬಟ್ಟೆ ಅಂಗಡಿಯ ಮ್ಯಾನೇಜರ್ ಆಗಿರುವ ಅಖಿಲ್. ನಕ್ಷೆ ಬರೆಯಲು ಬರುವವನು ಒಬ್ಬನೇ ಆದ್ದರಿಂದ ಹೆಸರು ಕೂಡಿಸುವ ಕೆಲಸ ಸುಕುಮಾರನ ತಲೆಗೆ ಬಂತು. ಅವನು ಹಿಗ್ಗಿದ್ದೂ ನಿಜ. ಒಂಬತ್ತು ವರ್ಷದವನಿದ್ದಾಗ ಬಿಟ್ಟ ಕುದ್ರುವಿಗೆ ತಾನು ಹೆಸರು ಬರೆಯುವುದೆಂದರೆ ಬಾಡಿಗೆಗಿದ್ದವನ ಕೈಗೆ ಮನೆಯ ಬೀಗದ ಕೈ ಕೊಟ್ಟಂತೆ.

ಹಿಗ್ಗಿದವನು ಸುಮ್ಮನಿರದೆ ಒಂದು ಕಾನೂನು ಮಾಡಿದ. ಜನ ಬಾಯಲ್ಲಿ ಹೇಳುವ ಹೆಸರು ಮಾತ್ರ ಕಲ್ಲಿಗೆ. ಯಾರೂ ಹೇಳದ ಹೆಸರು ಬರೆಯುವುದಿಲ್ಲ. ಎರಡು ಹೆಸರಿದ್ದರೆ ಬದುಕಿರುವವರಲ್ಲಿ ಹಿರಿಯರು ಹೇಳಿದ್ದೇ ಕೊನೆ. ಹಂದಿಗುಂಡಿ ಎಂದು ಕರೆಸಿಕೊಳ್ಳುವ ಹಿತ್ತಲಿನವರು ಶಾಂತಿವನ ಎಂದು ಬರೆಯಿರಿ ಎಂದು ಫೋನು ಮಾಡಿ ಅಂಗಲಾಚಿದರು. ಇವನು ಬಗ್ಗಲಿಲ್ಲ. ಕುದ್ರುವಿನ ಅತಿ ಹಳೆಯ ಮನೆಗೆ ಪೊಸಇಲ್ಲು, ಅಂದರೆ ಹೊಸಮನೆ ಎಂದೇ ಹೆಸರು. ಅದನ್ನೂ ತಿದ್ದಲು ಬಿಡಲಿಲ್ಲ. ಎಲ್ಲರೂ ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿ ಮೆಚ್ಚಿದರು. ಆ ಮೆಚ್ಚುಗೆ ಆರುವ ಮೊದಲೇ, ಪಡುವಣ ತುದಿಯ ತಿರುವಿನಲ್ಲಿ ಹೊಳೆ ಸುಳಿ ತಿರುಗುವ ಆಳದ ಮಡುವಿಗೆ ಏನು ಹೆಸರೆಂದು ಅವನೇ ಕೇಳಿದ್ದಕ್ಕೆ, ಹುಡುಗರೆಲ್ಲ ಒಬ್ಬರ ಹಿಂದೊಬ್ಬರು ಬರೆದರು: ಕೊರಗಪ್ಪನ ಕಯ, ಅಂದರೆ ಕೊರಗಪ್ಪನ ಮಡು. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಅಂದರೆ ಹೀಗೆ. ಕೊರಗಪ್ಪ ಯಾರೆಂದು ಯಾರೂ ಬರೆಯಲಿಲ್ಲ. ಇವನೂ ಬರೆಯಲಿಲ್ಲ. ಕುವೈತಿಗೆ ಅವನು ಸುಕುಮಾರ್ ಕೆ. ಮಾತ್ರ, ಆ ಕೆ ಯಾರೆಂದು ವಾಸದ ಪರವಾನಗಿ ಇಕಾಮಾ ಕೊಡುವವರೂ ಕೇಳಿರಲಿಲ್ಲ.

ಬಾಗಿಲು ತೆರೆದ ಆಲಿವ್ ಇನ್ನೂ ಆಸ್ಪತ್ರೆಯ ಬಿಳಿ ಸಮವಸ್ತ್ರದಲ್ಲೇ ಇದ್ದಳು. ಈಗಷ್ಟೇ ಡ್ಯೂಟಿಯಿಂದ ಬಂದೆ ಸುಕುಮಾರಣ್ಣ, ಸಂಜೆ ನನಗೆ ಮತ್ತೆ ಡ್ಯೂಟಿ, ಅದಕ್ಕೇ ಬೆಳಿಗ್ಗೆ ಬರಹೇಳಿದ್ದು ಎಂದಳು. ಹಾಲ್‌ನಲ್ಲಿ ಪರದೆ ಕಟ್ಟಿಕೊಂಡು ಹಗಲಿಡೀ ಮಲಗುತ್ತಿದ್ದ ಯಾಮಿನಿ ಎಂಬ ರಾತ್ರಿ ಪಾಳಿಯ ನರ್ಸ್ ಊರಿಗೆ ಹೋಗಿದ್ದಾಳೆ, ಇವತ್ತು ಹಾಲ್ ಖಾಲಿ, ಆರಾಮಾಗಿ ಕೂತು ಮಾತಾಡಿ. ಅಮ್ಮ ನಾಡಿದ್ದು ಹೊರಡುತ್ತಾಳೆ, ವಿಸಿಟ್ ವೀಸಾ ಖಲಾಸ್. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಅವಳು ಅಡಿಗೆಮನೆಗೆ ನಡೆದಳು. ಅವಳ ನಡಿಗೆಯಲ್ಲಿ ನಿದ್ದೆ ಇತ್ತು. ಸುಕುಮಾರನಿಗೆ ನಾಚಿಕೆಯಾಯಿತು. ಇವಳ ಅಕ್ಕ ಸತ್ತಾಗ ಇವಳು ತೊಟ್ಟಿಲಲ್ಲಿದ್ದ ಕೂಸು. ಇವಳಿಗೆ ಏನು ಗೊತ್ತು, ಎಷ್ಟು ಗೊತ್ತು, ಗೊತ್ತಿದ್ದೂ ಅಣ್ಣ ಎನ್ನುತ್ತಾಳೋ, ಗೊತ್ತಿಲ್ಲದೆಯೋ. ಪ್ರತಿ ಸಲವೂ ಈ ಬಾಗಿಲಲ್ಲಿ ಅವನಿಗೆ ಇದೇ ಗೋಳು.

ಸುಕುಮಾರನ ಅಪ್ಪ ಕೊರಗಪ್ಪ ಕುದ್ರುವಿನ ದೋಣಿಯವನು. ಕುದ್ರುವಿನಿಂದ ಪಡು ದಡದ ಇಗರ್ಜಿ ಪೇಟೆಗೆ ಜನರನ್ನು ದಾಟಿಸುವುದು, ತಿರುಗಿ ತರುವುದು. ಯಾರಿಗೂ ಇಲ್ಲ ಎನ್ನಲು ಬಾರದ ಮನುಷ್ಯ. ಮಳೆಗಾಲದ ಒಂದು ಬೆಳಿಗ್ಗೆ ಹೊಳೆ ಕೆಂಪಾಗಿ ಏರಿದ್ದಾಗ ಆರು ಮಂದಿಯನ್ನು ಕೂರಿಸಿಕೊಂಡು ಹೊರಟ ದೋಣಿ ತಿರುವಿನಲ್ಲಿ ಮಗುಚಿತು. ಐವರು ದಡ ಸೇರಿದರು, ಇಬ್ಬರನ್ನು ಅಪ್ಪನೇ ಎಳೆದು ತಂದ. ಹೊಲಿಗೆ ಕಲಿಯಲು ಪೇಟೆಗೆ ಹೊರಟಿದ್ದ, ಆಲಿವ್‌ನ ಅಮ್ಮ ಇನೆಜ್ ಬಾಯಿಯ ದೊಡ್ಡ ಮಗಳು ವೈಲೆಟ್ ಸಿಕ್ಕಿದ್ದು ಮಾರನೆಯ ದಿನ, ಅಳಿವೆಯ ಹತ್ತಿರ. ಆಮೇಲೆ ಯಾರೂ ಅಪ್ಪನಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ದೋಣಿಯವನಿಗೆ ಈಜು ಬರುತ್ತದಲ್ಲ ಎಂದು ಯಾರೋ ಅಂಗಡಿಯ ಜಗಲಿಯಲ್ಲಿ ಅಂದದ್ದು ಮಾತ್ರ ಗಾಳಿಯಲ್ಲಿ ಬಂದು ಮನೆಯೊಳಗೆ ಕೂತಿತು. ಶಾಲೆಯಲ್ಲಿ ಮಕ್ಕಳು ದೋಣಿಯಾಟ ಆಡುವಾಗ ಸುಕುಮಾರನನ್ನು ಕರೆಯುತ್ತಿರಲಿಲ್ಲ, ಅಥವಾ ಕರೆದು ಹುಟ್ಟು ಅವನ ಕೈಗೇ ಕೊಡುತ್ತಿದ್ದರು. ಎರಡರಲ್ಲಿ ಯಾವುದು ಕೆಟ್ಟದ್ದೆಂದು ಅವನು ಇವತ್ತಿಗೂ ತೀರ್ಮಾನ ಮಾಡಿಲ್ಲ. ಆ ವರ್ಷವೇ ಮನೆಯವರೆಲ್ಲ ಮಲ್ಪೆಗೆ ಹೋದರು. ಅಪ್ಪ ಐಸ್ ಫ್ಯಾಕ್ಟರಿಯಲ್ಲಿ ಮಂಜುಗಡ್ಡೆ ಎತ್ತುತ್ತ, ನೀರಿನ ಕಡೆ ಬೆನ್ನು ಹಾಕಿ ಬದುಕಿ, ಸತ್ತ.

ಇನೆಜ್ ಬಾಯಿ ಬದುಕಿರುವವರಲ್ಲಿ ಹಿರಿಯಳು. ಆದ್ದರಿಂದ ಕೊನೆಯ ಮಾತು ಅವಳದ್ದೇ. ಮಡುವಿಗೆ ಅವಳೊಂದು ಬೇರೆ ಹೆಸರು ಹೇಳಿಬಿಟ್ಟರೆ, ಹಳೆಯದೋ ಮೊಂಡೋ, ಯಾವುದಾದರೂ ಒಂದು, ಅಪ್ಪನ ಹೆಸರು ಕಲ್ಲಿಗೆ ಏರುವುದು ತಪ್ಪುತ್ತದೆ. ಇಲ್ಲವಾದರೆ ಸೇತುವೆ ದಾಟಿ ಬರುವ ಪ್ರತಿಯೊಬ್ಬನೂ ಅದನ್ನು ಓದಿ, ಯಾರಪ್ಪ ಈ ಕೊರಗಪ್ಪ ಎಂದು ಕೇಳಿ, ಓ ದೋಣಿ ಮುಳುಗಿಸಿದವನಾ ಎಂದು ತಿಳಿದುಕೊಂಡು ಹೋಗುತ್ತಾನೆ. ಸುಕುಮಾರನಿಗೆ ಬೇಕಾಗಿದ್ದು ಅಷ್ಟೇ, ಆ ಮುದುಕಿಯ ಬಾಯಿಂದ ಒಂದು ಬೇರೆ ಹೆಸರು. ಮೊದಲ ದಿನ ಅವಳು, ನೀನು ಯಾರ ಮಗ ಎಂದು ಕೇಳಿದ್ದಳು. ಕೇಳದೆ ಬಿಡುತ್ತಾರೆಯೇ. ಅವನು, ವಾರಿಜಾಳ ಮಗ ಎಂದಿದ್ದ. ತುಳುನಾಡಿನಲ್ಲಿ ತಾಯಿಯ ಕಡೆಯಿಂದ ಗುರುತು ಹೇಳುವುದು ತಪ್ಪಲ್ಲ, ಮನೆತನ ಹರಿಯುವುದೇ ಅಲ್ಲಿಂದ. ಹೇಡಿಗೆ ಅದಕ್ಕಿಂತ ಒಳ್ಳೆಯ ಆಸರೆ ಬೇರೆ ಇಲ್ಲ. ಅವಳು, ಓ ವಾರಿಜಾ ಎಂದು ತಲೆಯಾಡಿಸಿದ್ದಳು. ಕುದ್ರುವಿನಲ್ಲಿ ಇಬ್ಬರು ವಾರಿಜಾ ಇದ್ದರು. ಅವಳಿಗೆ ಹೊಳೆದದ್ದು ಯಾವ ವಾರಿಜಾ ಎಂದು ಅವನಿಗೆ ಈವರೆಗೂ ತಿಳಿದಿಲ್ಲ.

ಹಿಂದಿನ ಎರಡು ಶುಕ್ರವಾರವೂ ಸಂಜೆ ಬಂದಿದ್ದ. ಇದೇ ಹಾಲ್, ಇದೇ ಟೀಪಾಯಿ. ಸರ್ವೆ ಕಂಪನಿಯವನ ಜಂಬಕ್ಕೆ ತಕ್ಕಂತೆ ಫೋನಿನ ದಿಕ್ಸೂಚಿ ನೋಡಿ, ನಕ್ಷೆಯ ಬಡಗು ನಿಜವಾದ ಬಡಗಿಗೆ ಬರುವಂತೆ ಹಾಸಿದ್ದ. ಇನೆಜ್ ಬಾಯಿಗೆ ಕನ್ನಡಕ ಹಾಕಿದರೂ ಉಪಗ್ರಹದ ಚಿತ್ರ ಹಸಿರು ಕಲೆಯಷ್ಟೇ. ಅವಳು ಒಮ್ಮೆ ಕಿಟಕಿಯ ಕಡೆ ನೋಡಿ, ಸೀರೆಯ ಸೆರಗು ಸರಿಮಾಡಿಕೊಂಡು, ಕಾಗದದ ಮೇಲೆ ಬೆರಳಿಟ್ಟು ಕುದ್ರು ಸುತ್ತಲು ಹೊರಟಳು. ಇಲ್ಲಿ ಕಡವು, ದೋಣಿ ಹತ್ತುವುದು ಇಲ್ಲೇ. ಇದು ಕೂಗುಮೂಲೆ. ಇಲ್ಲಿ ಶಿಲುಬೆಕಟ್ಟೆ. ಇದು ಉಪ್ಪಿನ ಮನೆ, ಈಗ ಗೋಡೆ ಮಾತ್ರ. ಬೆರಳು ಮುಟ್ಟಿದಲ್ಲಿ ಅವನು ಪೆನ್ಸಿಲಿನಲ್ಲಿ ಬರೆದ. ಕಡವು ಮೂಡು ತುದಿಯಲ್ಲಿ ಬಂದಾಗ ಅವನಿಗೆ ಅನುಮಾನ ಬರದೆ ಇರಲಿಲ್ಲ. ತನ್ನ ನೆನಪಿನಲ್ಲಿ ಅದು ಪಡುವಿಗೆ ಇತ್ತು. ದೋಣಿ ಮಗುಚಿದ ಮೇಲೆ ಕಡವನ್ನು ಆಚೆ ಬದಿಗೆ ಬದಲಿಸಿರಬೇಕು ಎಂದುಕೊಂಡ. ಒಂದೆರಡು ಸಲ ಬೆರಳು ಮೂಡಿನಲ್ಲಿದ್ದಾಗ ಅವಳ ಬಾಯಿ ಪಡು ಎಂದಿತ್ತು; ವಯಸ್ಸಾದವರು, ಬಾಯಿ ತಪ್ಪುತ್ತದೆ, ಕೈ ತಪ್ಪುವುದಿಲ್ಲ ಎಂದು ತೀರ್ಮಾನಿಸಿದ. ನೀವು ಡ್ರಾ ಮಾಡಿ ಸಾಕು ಸರ್. ಡ್ರಾ ಮಾಡಿದ. ಆದರೆ ಬೆರಳು ಸುತ್ತಿ ಸುತ್ತಿ ಪಡು ತುದಿಯ ತಿರುವಿಗೆ, ಆ ಮಡುವಿನ ದಂಡೆಗೆ ಬಂದಾಗ ನಿಂತಿತು. ಅವಳು ಕೈ ಎತ್ತಿ ಚಾದ ಲೋಟ ತೆಗೆದುಕೊಂಡಳು, ಒಂದು ಗುಟುಕು ಕುಡಿದು, ತಿರುವು ಕಳೆದ ಮೇಲೆ ಮತ್ತೆ ಬೆರಳೂರಿದಳು. ಎರಡನೆಯ ಶುಕ್ರವಾರವೂ ಹಾಗೆಯೇ. ಅಲ್ಲಿಗೆ ಬಂದಾಗ ಲೋಟ.

ಈ ಎರಡು ವಾರ ಅವನು ಆ ಲೋಟವನ್ನೇ ನೆನೆಯುತ್ತ ಕಳೆದಿದ್ದ. ಆಫೀಸಿನಲ್ಲಿ, ಟ್ರಾಫಿಕ್ಕಿನಲ್ಲಿ, ಸುಗಂಧಿ ಏನೋ ಹೇಳುತ್ತಿರುವಾಗ. ಇನೆಜ್ ಬಾಯಿಗೆ ಗೊತ್ತು. ಗೊತ್ತಿದ್ದೇ ಸುಮ್ಮನಾಗುತ್ತಾಳೆ, ನನ್ನ ಮುಖ ನೋಡಿ ನನ್ನನ್ನು ಉಳಿಸುತ್ತಿದ್ದಾಳೆ. ಮಗಳನ್ನು ಕಳೆದುಕೊಂಡವಳು ಕಳೆದವನ ಮಗನಿಗೆ ಕರುಣೆ ತೋರಿಸುವುದೆಂದರೆ ಏನು, ಅದನ್ನು ತೆಗೆದುಕೊಳ್ಳುವುದು ಹೇಗೆ. ಕೆಲವೊಮ್ಮೆ ಆ ಕರುಣೆಗೆ ಅವನ ಕಣ್ಣು ಒದ್ದೆಯಾಗುತ್ತಿತ್ತು. ಇನ್ನು ಕೆಲವೊಮ್ಮೆ, ಮುದುಕಿ ನನ್ನನ್ನು ಆಟ ಆಡಿಸುತ್ತಿದ್ದಾಳೆ, ಬಾಯಿಬಿಟ್ಟು ಒಂದು ಹೆಸರು ಹೇಳಿದರೆ ಇವಳ ಗಂಟೇನು ಹೋಗುತ್ತಿತ್ತು ಎಂದು ಸಿಟ್ಟು ನೆತ್ತಿಗೇರುತ್ತಿತ್ತು. ಕಲ್ಲು ಕೆತ್ತುವವರಿಗೆ ಇವತ್ತು ಸಂಜೆಯೊಳಗೆ ಹೆಸರು ಕಳಿಸಬೇಕೆಂದು ಅಖಿಲ್ ನಿನ್ನೆಯಿಂದ ಪ್ರಾಣ ತಿನ್ನುತ್ತಿದ್ದ. ಇವತ್ತು ಕೇಳಿಯೇ ತೀರಬೇಕು. ಕೇಳುವ ಮಾತನ್ನು ದಾರಿಯುದ್ದಕ್ಕೂ ಸ್ಟೀರಿಂಗಿಗೆ ಹೇಳಿ ಹೇಳಿ ರೂಢಿ ಮಾಡಿಕೊಂಡು ಬಂದಿದ್ದ.

ಇನೆಜ್ ಬಾಯಿ ಒಳಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದಳು. ಕೂತಲ್ಲಿಂದಲೇ, ಮೀನು ಎಂತದು ಸಿಕ್ತು ಇವತ್ತು ಎಂದು ಕೇಳಿದಳು. ಕುವೈತಿನಲ್ಲಿ ಯಾರು ಬಂದರೂ ಅವಳ ಮೊದಲ ಪ್ರಶ್ನೆ ಅದೇ. ಅವನು ಹೋಗಲಿಲ್ಲ ಬಾಯಿ ಎಂದು ಹೇಳಿ ಟೀಪಾಯಿಯ ಮೇಲೆ ನಕ್ಷೆ ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟ. ಹಾಲ್ ಕತ್ತಲಾಗಿತ್ತು. ಯಾಮಿನಿ ಹಗಲು ಮಲಗುವುದಕ್ಕೆಂದು ಕಿಟಕಿಗೆ ದಪ್ಪನೆಯ ಕಪ್ಪು ಬಟ್ಟೆ ಹೊಡೆದಿದ್ದಳು. ಸಂಜೆ ಎದ್ದ ಮೇಲೆ ಅದನ್ನು ಸರಿಸುವ ಹೊತ್ತಿಗೆ ಇವರಿಬ್ಬರೂ ಇಲ್ಲಿ ಕೂರುತ್ತಿದ್ದದ್ದು. ಆಲಿವ್ ಚಾ ತಂದವಳು, ದೀಪ ಯಾಕೆ ಹಾಕುವುದು ಎಂದು ಆ ಬಟ್ಟೆಯನ್ನು ಬದಿಗೆ ಎಳೆದಳು. ಎರಡು ಕಟ್ಟಡಗಳ ನಡುವೆ, ದೂರದಲ್ಲಿ, ಬೆರಳಗಲ ಕಡಲು ಕಾಣುತ್ತಿತ್ತು. ಆ ಕಡಲ ಮೇಲಿಂದ ಬಿಸಿಲು ನೇರ ಬಂದು ಕಾಂಡ್ಲಕುದ್ರುವಿನ ಮೇಲೆ ಬಿತ್ತು.

ಮುದುಕಿ ಕೈಯನ್ನು ಹಣೆಗೆ ಅಡ್ಡ ಹಿಡಿದು ಕಿಟಕಿ ನೋಡಿದಳು. ನಕ್ಷೆ ನೋಡಿದಳು. ಮತ್ತೆ ಕಿಟಕಿ ನೋಡಿದಳು.

"ಇದೆಂತ ಮಾರಾಯ," ಎಂದಳು. "ಹೊತ್ತು ಪಡುವಿನಲ್ಲಿ ಹುಟ್ಟುವುದುಂಟಾ?"

ಸುಕುಮಾರನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಕಡಲಿದ್ದ ಕಡೆ ಪಡು. ನಮ್ಮೂರಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಕಲಿಸುವುದಿಲ್ಲ, ತಾಯಿಯ ಹಾಲಿನ ಜೊತೆಗೇ ಬರುತ್ತದೆ. ಕಣ್ಣು ಕಟ್ಟಿ ತಿರುಗಿಸಿ ಬಿಟ್ಟರೂ ಕಡಲ ಸದ್ದು ಕೇಳಿ ಪಡು ಇದು ಎನ್ನುತ್ತಾರೆ. ಇನೆಜ್ ಬಾಯಿ ಈ ಕಿಟಕಿಯಲ್ಲಿ ಕಡಲು ಕಂಡಳು, ಅದೇ ಪಡು ಎಂದುಕೊಂಡಳು, ಅದಕ್ಕೆ ತಕ್ಕಂತೆ ಮನಸ್ಸಿನ ಕುದ್ರುವನ್ನು ತಿರುಗಿಸಿ ಕಾಗದದ ಮೇಲೆ ಬೆರಳಿಟ್ಟಳು. ಕುವೈತಿನ ಕಡಲು ಮೂಡಿಗೆ ಇರುವುದು. ಇಪ್ಪತ್ತೈದು ವರ್ಷ ಇದೇ ಕರಾವಳಿಯ ನಕ್ಷೆ ಬರೆದ ಅವನಿಗೆ ಅದು ಹೊಳೆಯಬೇಡವೇ. ಅವಳ ಬಾಯಿ ಪಡು ಎಂದಾಗ ಬಾಯಿಯನ್ನು ನಂಬಬೇಕಿತ್ತು, ತನ್ನ ಒಂಬತ್ತು ವರ್ಷದ ನೆನಪನ್ನು ನಂಬಬೇಕಿತ್ತು. ಎರಡು ಶುಕ್ರವಾರದ ಹೆಸರುಗಳೆಲ್ಲ ತಲೆಕೆಳಗು. ಕುಶಾಲ್ ನೋಡಿದ್ದರೆ ಕೆಂಪು ಪೆನ್ನು ತೆಗೆಯುವ ತೊಂದರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಅವನು ಲೋಟಗಳನ್ನು ತೆಗೆದು, ನಕ್ಷೆಯನ್ನು ಅತ್ತಿಂದಿತ್ತ ತಿರುಗಿಸಿ ಹಾಸಿದ. ಈಗ ಕಡಲಿನ ಕಡೆಗೆ ಪಡು. ಬರೆದ ಅಕ್ಷರಗಳೆಲ್ಲ ಅವನಿಗೆ ತಲೆಕೆಳಗಾಗಿ ಕಂಡವು. ಅವನ ಬೆರಳು ತಾನಾಗಿ ಆ ಖಾಲಿ ಜಾಗಕ್ಕೆ ಹೋಯಿತು, ಲೋಟದ ಜಾಗಕ್ಕೆ. ಇಲ್ಲಿ ನೀವು ಏನೂ ಹೇಳಲಿಲ್ಲವಲ್ಲ ಬಾಯಿ ಎಂದು ಕೇಳಿದ. ಆಗ ನಾನು ಅದನ್ನು ಮೂಡು ತುದಿ ಅಂತ ಎಣಿಸಿದ್ದಲ್ವಾ ಮಗಾ, ಮೂಡು ತುದಿಯಲ್ಲಿ ಎಂತ ಉಂಟು, ಬರೀ ಕೆಸರು, ಏಡಿ ಹಿಡಿಯುವವರೂ ಹೋಗುವುದಿಲ್ಲ ಎಂದಳು. ಹೇಳಿ ಚಾ ಕುಡಿದಳು. ಚಾ ಕುಡಿಯಬೇಕು ಅನ್ನಿಸಿದಾಗ ಅವಳು ಚಾ ಕುಡಿಯುವವಳು, ಅಷ್ಟೇ.

ಎರಡು ವಾರ ಅವನು ಅತ್ತದ್ದು, ಹಲ್ಲು ಕಡಿದದ್ದು, ಕರುಣೆಗೆ ಕರಗಿದ್ದು ಎಲ್ಲ ಒಂದು ಹಿಡಿ ಕೆಸರಿಗೆ. ನಗಬೇಕಿತ್ತು, ನಗು ಬರಲಿಲ್ಲ. ತನ್ನನ್ನು ಯಾರೂ ಉಳಿಸುತ್ತಿರಲಿಲ್ಲ, ಯಾರೂ ಶಿಕ್ಷಿಸುತ್ತಲೂ ಇರಲಿಲ್ಲ, ತಾನು ಯಾರ ಲೆಕ್ಕದಲ್ಲೂ ಇರಲಿಲ್ಲ ಎಂಬುದು ಅವಮಾನವೆಂದು ಅವನಿಗೆ ಈವರೆಗೆ ತಿಳಿದಿರಲಿಲ್ಲ. ಅಷ್ಟರಲ್ಲೇ ಇನ್ನೊಂದು ಹೊಳೆಯಿತು. ಬರೆದ ಹೆಸರುಗಳನ್ನು ಮೂಡಿನಿಂದ ಪಡುವಿಗೆ ಬದಲಿಸಿದರೆ ಮಡುವಿನ ದಂಡೆಗೆ ಬಂದು ಕೂರುವ ಹೆಸರು ಕೂಗುಮೂಲೆ. ಆಚೆ ದಡಕ್ಕೆ ಹೋಗಿದ್ದ ದೋಣಿಯನ್ನು ಓ ಎಂದು ಕೂಗಿ ಕರೆಯುವ ಜಾಗ. ಅವಳು ಮೊದಲ ದಿನವೇ, ತಡೆಯದೆ, ಹೇಳಿಬಿಟ್ಟಿದ್ದಳು. ಬೇರೆ ಹೆಸರು ಸಿಕ್ಕಿತು. ಹಿರಿಯಳ ಬಾಯಿಂದಲೇ ಸಿಕ್ಕಿತು. ಅಪ್ಪ ಪಾರಾದ. ಈ ಕ್ಷಣಕ್ಕೆ ಎದ್ದು, ಬರ್ತೇನೆ ಬಾಯಿ ಎಂದು ಹೊರಡಬಹುದಿತ್ತು. ಹಾಗಾದರೆ ಇದು ಕೂಗುಮೂಲೆ ಎಂದು ಹೇಳಿ ಅವನು ಪೆನ್ಸಿಲನ್ನು ಕಿಸೆಗೆ ಹಾಕಿಯೂ ಆಗಿತ್ತು.

"ಕೂಗುಮೂಲೆ ಹಳೇ ಹೆಸರು," ಇನೆಜ್ ಬಾಯಿ ಎಂದಳು. ಅವಳ ಬೆರಳು ದಂಡೆಯಿಂದ ಇಳಿದು ನೀರಿನ ಮೇಲೆ ಹೋಗಿ ನಿಂತಿತ್ತು. "ಈ ಮಡುವಿಗೆ ಈಗ ಎಂತ ಹೇಳ್ತಾರೆ?"

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಿಮಗೆ ಗೊತ್ತಿಲ್ಲವಾ ಎಂದು ಸುಕುಮಾರ ಕೇಳಿದ. ಯಾರು ಹೇಳ್ತಾರೆ ಎಂದಳು ಅವಳು. ಆ ಕಡೆಯ ಮಾತು ಬಂದರೆ ಜನ ನನ್ನನ್ನು ಕಂಡು ಬಾಯಿ ಮುಚ್ಚುತ್ತಾರೆ, ದೊಡ್ಡವರು ಹುಡುಗರನ್ನು ತಿವಿಯುತ್ತಾರೆ, ಏನೋ ಒಂದು ಹೆಸರು ಉಂಟು ಅಂತ ಮಾತ್ರ ನನಗೆ ಗೊತ್ತು; ಇಷ್ಟು ವರ್ಷವಾಯಿತು, ಒಬ್ಬರ ಹತ್ತಿರವೂ ಕೇಳಲಿಕ್ಕೆ ಬಾಯಿ ಬರಲಿಲ್ಲ. ನೀನು ಎಲ್ಲರ ಹತ್ತಿರ ಕೇಳಿ ಬರೆಯುವವನು. ನೀನು ಹೇಳು.

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಎರಡು ವಾರ ಅವನು ಈ ಮುದುಕಿ ಬಾಯಿಬಿಡಲಿ ಎಂದು ಕಾದಿದ್ದ. ಮುದುಕಿ ನಲವತ್ತು ವರ್ಷದಿಂದ ಯಾರಾದರೂ ಬಾಯಿಬಿಡಲಿ ಎಂದು ಕಾದಿದ್ದಳು. ಬಿಸಿಲಿನಲ್ಲಿ ಅವಳ ಕಣ್ಣಿನ ಪೊರೆ ನೀಲಿಯಾಗಿ ಕಾಣುತ್ತಿತ್ತು. ಅವನಿಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು. ಯಾಕೆ ಕೇಳುತ್ತಾಳೆ. ಕೂಗುಮೂಲೆ ಎಂದು ಅವಳೇ ಹೇಳಿ ಮುಗಿಸಿದ ಮೇಲೆ ಯಾಕೆ ಕೇಳುತ್ತಾಳೆ.

"ಕೊರಗಪ್ಪನ ಕಯ ಅಂತ ಹೇಳ್ತಾರೆ ಬಾಯಿ," ಎಂದ.

ಅವಳು ಅಯ್ಯೋ ಎನ್ನಲಿಲ್ಲ, ಶಿಲುಬೆಯ ಗುರುತು ಮಾಡಿಕೊಳ್ಳಲಿಲ್ಲ.

"ನಿನ್ನ ಅಪ್ಪನ ಹೆಸರಾ?"

ಹಾಗಾದರೆ ಯಾವ ವಾರಿಜಾ ಎಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಅವನು ಹೌದೆಂದು ತಲೆಯಾಡಿಸಿದ. ತಲೆ ಎತ್ತಲು ಆಗಲಿಲ್ಲ. ಮುಂದೆ ಬರುವುದಕ್ಕೆ ಅವನು ಸಿದ್ಧನಾಗಿದ್ದ. ಬೈಗುಳಕ್ಕೆ, ಅಳುವಿಗೆ, ನಿನ್ನ ಅಪ್ಪ ನನ್ನ ಮಗಳನ್ನು ತಿಂದ ಎಂಬ ಮಾತಿಗೆ ಒಂಬತ್ತನೆಯ ವಯಸ್ಸಿನಿಂದ ಸಿದ್ಧನಾಗಿದ್ದ.

"ಸತ್ತದ್ದು ನನ್ನ ಮಗಳು," ಎಂದಳು ಇನೆಜ್ ಬಾಯಿ. "ಹೆಸರು ಅವನದ್ದಾ?"

ಆ ಹೆಸರನ್ನು ಅವನು ಯಾವತ್ತೂ ಅಪ್ಪನ ಹಣೆಗೆ ಹಚ್ಚಿದ ಮಸಿ ಎಂದು ತಿಳಿದವನು. ಅದು ಒಬ್ಬರಿಗೆ ಸಲ್ಲಬೇಕಾದದ್ದು, ಇನ್ನೊಬ್ಬರ ಪಾಲಾಗಿಹೋದದ್ದು ಎಂದು ಯಾರಾದರೂ ನೋಡಬಹುದೆಂಬುದು ಅವನ ಬುದ್ಧಿಗೆ ನಿಲುಕಿರಲಿಲ್ಲ. ಅವಳು ಮೆಲ್ಲಗೆ, ಯಾರ ಮೇಲೂ ಸಿಟ್ಟಿಲ್ಲದೆ, ಆದರೆ ಬಿಡದೆ ಹೇಳುತ್ತ ಹೋದಳು. ಇಗರ್ಜಿಯ ಹಿಂದೆ ಹೂತ ಜಾಗದ ಮೇಲೆ ಈಗ ಬೇರೆಯವರ ಗೋರಿ ಬಂದಿದೆ. ಅವಳ ಫೋಟೋ ಒಂದೂ ಇಲ್ಲ, ತೆಗೆಸಿರಲಿಲ್ಲ. ಹೊಲಿಯಲು ಕಲಿತ ಮೊದಲ ಲಂಗ ಆಲಿವ್‌ಗೆ ಹಾಕಿ ಹರಿದುಹೋಯಿತು. ಆ ನೀರಿಗಾದರೂ ಅವಳ ಹೆಸರು ಇದ್ದೀತು, ನನ್ನ ಎದುರು ಹೇಳಲಿಕ್ಕೆ ಜನರಿಗೆ ಸಂಕಟ, ಅದಕ್ಕೇ ಬಾಯಿ ಮುಚ್ಚುತ್ತಾರೆ ಅಂತ ನಾನು ತಿಳಿದದ್ದು. ಇಷ್ಟು ದಿವಸ ಹಾಗೇ ತಿಳಿದದ್ದು.

"ವೈಲೆಟ್ ಕಯ ಅಂತ ಬರಿ," ಎಂದಳು.

ಹಂದಿಗುಂಡಿಯವರಿಗೆ ಹೇಳಿದ್ದನ್ನೇ ಅವನು ಇವಳಿಗೂ ಹೇಳಿದ. ಯಾರೂ ಹೇಳದ ಹೆಸರನ್ನು ಬರೆಯುವುದಿಲ್ಲ ಅಂತ ಎಲ್ಲರೂ ಒಪ್ಪಿದ್ದು ಬಾಯಿ. ಯಾಕೆ ಹಾಗೆ ಹೇಳಿದನೋ ಅವನಿಗೇ ತಿಳಿಯದು; ಅಪ್ಪನ ಹೆಸರು ಅಳಿಸಲೆಂದೇ ಬಂದವನು ಈಗ ಅದರ ಪರ ವಕೀಲಿಗೆ ನಿಂತಂತಿತ್ತು.

"ನಾನು ಹೇಳ್ತೇನಲ್ಲ," ಎಂದಳು ಮುದುಕಿ.

ಅವನು ಬರೆದ. ನಕ್ಷೆ ತಿರುಗಿದ್ದರಿಂದ ತಲೆಕೆಳಗಾಗಿ ಬರೆಯಬೇಕಾಯಿತು, ಅಕ್ಷರ ಸೊಟ್ಟಗಾಯಿತು. ಬರೆದು ಮುಗಿದ ಮೇಲೂ ಏಳಲು ಮನಸ್ಸಾಗಲಿಲ್ಲ. ಕುದ್ರುವಿನಲ್ಲಿ ಈಗ ಅಪ್ಪ ಎಲ್ಲೂ ಇಲ್ಲ. ಹದಿನೆಂಟನೆಯ ವಯಸ್ಸಿನಿಂದ ಆ ನೀರಿನ ಮೇಲೆ ಬದುಕಿದವನು, ಹೆರಿಗೆಗೆ ಹೊರಟವರನ್ನು, ಮದುವೆ ದಿಬ್ಬಣವನ್ನು, ಹೆಣವನ್ನು, ಶಾಲೆಯ ಮಾಸ್ತರನ್ನು, ಎಲ್ಲರನ್ನೂ ದಾಟಿಸಿದವನು, ಒಂದೇ ಒಂದು ಬೆಳಿಗ್ಗೆಯ ದೆಸೆಯಿಂದ ಅಲ್ಲಿ ಹೆಸರಾಗಿ ಉಳಿದಿದ್ದ, ಅದೂ ಹೋಯಿತು. ಸುಕುಮಾರ ನಾಚಿಕೆ ಬಿಟ್ಟು ಕೇಳಿದ. ಕಡವಿಗೆ ಯಾರಾದರೂ ಕೊರಗಪ್ಪನ ಕಡವು ಅಂತ ಹೇಳುತ್ತಿದ್ದರಾ ಬಾಯಿ, ಒಬ್ಬರಾದರೂ, ಹಿಂದೆ ಯಾವಾಗಲಾದರೂ.

ಇನೆಜ್ ಬಾಯಿ ನಿಜವಾಗಿಯೂ ಯೋಚಿಸಿದಳು. ಹುಬ್ಬು ಗಂಟಿಕ್ಕಿ, ಒಂದೊಂದೇ ಮನೆಯ ಬಾಗಿಲಿಗೆ ಹೋಗಿ ಕೇಳಿ ಬಂದವಳಂತೆ ಹೊತ್ತು ತೆಗೆದುಕೊಂಡಳು.

"ಇಲ್ಲ ಮಗಾ," ಎಂದಳು. "ಕಡವು ಅಂದ್ರೆ ಕಡವು. ದಿನಾ ಇರುವುದಕ್ಕೆ ಯಾರು ಹೆಸರು ಇಡ್ತಾರೆ? ನಾವು ಕೂಗ್ತಿದ್ದೆವು, ಅವನು ಬರ್ತಿದ್ದ." ಆಮೇಲೆ, "ಆ ದಿವಸವೂ ಬಂದ. ಬರಬಾರದಿತ್ತು," ಎಂದಳು.

ಆಲಿವ್ ಅಡಿಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು, ಆಗಲೇ ಒಣಗಿದ ಕೈಯನ್ನು. ಅವನು ನಕ್ಷೆ ಸುತ್ತಿಕೊಂಡು ಎದ್ದ. ಊರಿಗೆ ಬಂದರೆ ಮನೆಗೆ ಬಾ ಎಂದು ಮುದುಕಿ ಹೇಳಿದ್ದು ಬಾಯುಪಚಾರವೋ, ಮನಸ್ಸಿನ ಮಾತೋ, ಅದನ್ನೂ ಹೊತ್ತುಕೊಂಡು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದ.

ಕೆಳಗೆ ಬಂದರೆ ಅವನ ಕಾರಿಗೆ ಅಡ್ಡವಾಗಿ ಒಂದು ಬಿಳಿ ಜೀಪು ನಿಂತಿತ್ತು. ಒಳಗೆ ಯಾರೂ ಇಲ್ಲ, ಗಾಜಿನ ಮೇಲೆ ಫೋನ್ ನಂಬರೂ ಇಲ್ಲ. ಕಟ್ಟಡದ ಕಾವಲಿನ ಹಾರಿಸ್ ಮುದುಕ ಕುರ್ಚಿಯಿಂದ ಏಳದೆಯೇ, ಬರ್ತಾರೆ ಭಾಯಿ, ಬರ್ತಾರೆ ಎಂದು ಕೈಯಾಡಿಸಿದ. ಸುಕುಮಾರ ಕಾರಿನೊಳಗೆ ಕೂತ. ಬಿಸಿಲಿಗೆ ಸೀಟು ಸುಡುತ್ತಿತ್ತು. ಅಖಿಲ್‌ನ ಫೋನು ಬಂತು. ಹೆಸರುಗಳು ಆಚೀಚೆಯಾಗಿವೆ, ಸಂಜೆಯೊಳಗೆ ಹೊಸ ನಕ್ಷೆ ಕಳಿಸುತ್ತೇನೆ ಎಂದು ಸುಕುಮಾರ ಹೇಳಿದ. ಹೇಗೆ ಆಚೀಚೆಯಾದವೆಂದು ಹೇಳಲಿಲ್ಲ. ಪಡು ತಿರುವಿನ ಮಡುವಿಗೆ ವೈಲೆಟ್ ಕಯ ಅಂತ ಹಾಕು ಎಂದ.

ಅದು ಯಾರೂ ಹೇಳುವ ಹೆಸರಲ್ಲ ಅಂಕಲ್, ನೀವೇ ಕಾನೂನು ಮಾಡಿದ್ದು ಎಂದು ಅಖಿಲ್ ನಕ್ಕ. ಹಿರಿಯರು ಹೇಳಿದ್ದು ಎಂದ ಸುಕುಮಾರ. ಸರಿ ಎಂದ ಹುಡುಗ. ಹೆಸರು ಯಾವುದಾದರೇನು, ಅವನಿಗೆ ಕಲ್ಲು ಹೊರಟರೆ ಸಾಕಿತ್ತು. ಆದರೂ ಫೋನು ಇಡುವ ಮೊದಲು ಕೇಳಿದ, "ಅಲ್ಲ ಅಂಕಲ್, ಈ ಕೊರಗಪ್ಪ ಅಂದ್ರೆ ಯಾರು? ನಾವು ಚಿಕ್ಕಂದಿನಿಂದ ಹೇಳಿದ್ದೇ ಹೇಳಿದ್ದು, ಯಾರಂತ ನಮಗೆ ಒಬ್ರಿಗೂ ಗೊತ್ತಿಲ್ಲ."

ಒಬ್ಬರಿಗೂ ಗೊತ್ತಿರಲಿಲ್ಲ. ದೋಣಿ ಮಗುಚಿದ್ದು, ಈಜು ಬರುತ್ತದಲ್ಲ ಎಂದದ್ದು, ಐಸ್ ಫ್ಯಾಕ್ಟರಿ, ಏನೂ ಅವರಿಗೆ ಗೊತ್ತಿರಲಿಲ್ಲ. ಯಾರೂ ಹಾಕದ ಮಸಿಯನ್ನು ಅವನೊಬ್ಬನೇ ಇಷ್ಟು ವರ್ಷ ತೊಳೆಯುತ್ತ ಕೂತಿದ್ದ, ಇವತ್ತು ತೊಳೆದು ಹೆಸರನ್ನೇ ತೆಗೆದಿದ್ದ.

"ದೋಣಿಯವನು," ಎಂದ ಸುಕುಮಾರ. ಮತ್ತೆ ಹೇಳಿದ, "ನನ್ನ ಅಪ್ಪ."

"ಹಾಗಾದ್ರೆ ಅಂಕಲ್," ಎಂದು ಹುಡುಗ ತಡವರಿಸಿದ, "ನಿಮ್ಮ ಅಪ್ಪನ ಹೆಸರನ್ನು ತೆಗೀಬೇಕಾ?"

"ತೆಗಿ," ಎಂದು ಅವನು ಫೋನು ಇಟ್ಟ.

ಜೀಪಿನವನು ಇನ್ನೂ ಬಂದಿರಲಿಲ್ಲ. ಸುಕುಮಾರ ಹಾರ್ನ್ ಒತ್ತಿದ, ಬಿಟ್ಟ, ಕಟ್ಟಡದ ಕಿಟಕಿಗಳ ಕಡೆ ನೋಡಿದ, ಮತ್ತೆ ಒತ್ತಿದ. ಯಾರೂ ಬರಲಿಲ್ಲ. ಅಪ್ಪ ಇದ್ದಾಗ ಕೂಗುಮೂಲೆಯಲ್ಲಿ ನಿಂತು ಯಾರೂ ಎರಡನೆಯ ಸಲ ಕೂಗಬೇಕಾಗಿರಲಿಲ್ಲ.